ಕೈಗಲ್ಲ, ಕಾಲಿಗೆ ವಯಸ್ಸಾಗಿತ್ತು: ಕೋಬಿ ಬ್ರ್ಯಾಂಟ್‌ನ ಕೊನೆಯ ಸೀಸನ್‌ನ ಲೆಕ್ಕ

2015ರ ನವೆಂಬರ್ 24ರ ರಾತ್ರಿ ಓಕ್ಲಂಡ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರ್ಯಾಂಟ್ 14 ಸಲ ಶಾಟ್ ಎಸೆದ. ಬಿದ್ದದ್ದು ಒಂದು. ಒಟ್ಟು 4 ಪಾಯಿಂಟ್. ಅವನ ತಂಡ ಲಾಸ್ ಏಂಜಲೀಸ್ ಲೇಕರ್ಸ್ 111-77ರಲ್ಲಿ ಸೋತಿತು, ಅತ್ತ ವಾರಿಯರ್ಸ್ ಸೀಸನ್‌ನ ಮೊದಲ 16 ಪಂದ್ಯಗಳನ್ನೂ ಗೆದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ದಾಖಲೆ ಮಾಡಿತು. ಐದು ದಿನ ಕಳೆದು ಇಂಡಿಯಾನಾ ಪೇಸರ್ಸ್ ವಿರುದ್ಧ 20ಕ್ಕೆ 4. ಇದೇ ನನ್ನ ಕೊನೆಯ ಸೀಸನ್ ಅಂತ ಕೋಬಿ ಹೇಳಿದ್ದೂ ಅದೇ ದಿನ.

ಇದೇ ಮನುಷ್ಯ 2006ರ ಜನವರಿ 22ರಂದು ಟೊರಾಂಟೊ ರಾಪ್ಟರ್ಸ್ ವಿರುದ್ಧ ಒಬ್ಬನೇ 81 ಪಾಯಿಂಟ್ ಹೊಡೆದಿದ್ದ.

ಏನಾಯ್ತು ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ವಯಸ್ಸಾಯ್ತು. ಸರಿ, 37 ಆಗಿತ್ತು. ಆದರೆ ಅಷ್ಟು ಹೇಳಿದರೆ ಏನೂ ಹೇಳಿದ ಹಾಗಾಗುವುದಿಲ್ಲ. ದೇಹದಲ್ಲಿ ಯಾವುದಕ್ಕೆ ವಯಸ್ಸಾಯ್ತು? ಅವನೊಬ್ಬನ ಶಾಟ್ ಕೆಟ್ಟಿತ್ತಾ, ಇಡೀ ತಂಡದ್ದೇ ಕೆಟ್ಟಿತ್ತಾ? ಎರಡೂ ಕೆಟ್ಟಿದ್ದರೆ ಯಾವುದು ಯಾವುದನ್ನು ಕೆಡಿಸಿತು? ಕೋಬಿಯ ಐದು ಚಾಂಪಿಯನ್‌ಶಿಪ್‌ಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಈ ಕೆಟ್ಟ ವರ್ಷವೇ ಜಾಸ್ತಿ ಕುತೂಹಲ, ಯಾಕಂದರೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಶಾಟ್ ಬೀಳಲು ಏನೇನೆಲ್ಲ ಕೂಡಿ ಬರಬೇಕು ಅನ್ನುವುದು ಗೊತ್ತಾಗುವುದು ಅದು ಬೀಳದೇ ಹೋದಾಗಲೇ.

ಮೊದಲು ಅಂಕಿಗಳು. ಎಸೆದ ಶಾಟ್‌ಗಳಲ್ಲಿ ಎಷ್ಟು ಬಿದ್ದವು ಅನ್ನುವುದನ್ನು ಫೀಲ್ಡ್ ಗೋಲ್ ಶೇಕಡಾ ಅನ್ನುತ್ತಾರೆ. ಎದುರಾಳಿ ಫೌಲ್ ಮಾಡಿದಾಗ ಸಿಗುವ ಫ್ರೀ ಥ್ರೋ ಇದರಲ್ಲಿ ಸೇರುವುದಿಲ್ಲ, ಅದಕ್ಕೆ ಬೇರೆ ಲೆಕ್ಕ. 20 ಸೀಸನ್‌ಗಳ ಒಟ್ಟು ಲೆಕ್ಕದಲ್ಲಿ ಕೋಬಿಯದ್ದು 44.7. ಅಂದರೆ ನೂರಕ್ಕೆ ಹೆಚ್ಚುಕಮ್ಮಿ 45 ಬೀಳುತ್ತಿದ್ದವು. 2012-13ರಲ್ಲಿ, 34ನೇ ವಯಸ್ಸಿನಲ್ಲೂ, 46.3 ಇತ್ತು, ಪಂದ್ಯಕ್ಕೆ 27.3 ಪಾಯಿಂಟ್. ಮುಪ್ಪಿನ ಸುಳಿವೇ ಇರಲಿಲ್ಲ. ಆಮೇಲೆ 2014-15ರಲ್ಲಿ 37.3ಕ್ಕೆ ಇಳಿಯಿತು. ಕೊನೆಯ ಸೀಸನ್ 2015-16ರಲ್ಲಿ 35.8, ಪಂದ್ಯಕ್ಕೆ 17.6 ಪಾಯಿಂಟ್. ಇದು ಮೆಟ್ಟಿಲಿಳಿದ ಹಾಗೆ ಇಲ್ಲ, ಮಾಳಿಗೆಯಿಂದ ಬಿದ್ದ ಹಾಗಿದೆ.

ಈಗ ಇನ್ನೊಂದು ಅಂಕಿ ನೋಡಿ. ಫ್ರೀ ಥ್ರೋದಲ್ಲಿ ಕೋಬಿಯ ಇಡೀ ವೃತ್ತಿಜೀವನದ ಲೆಕ್ಕ 83.7. ಕೊನೆಯ ಸೀಸನ್‌ನಲ್ಲಿ? 82.6.

ನನ್ನ ಮಟ್ಟಿಗೆ ಈ ಇಡೀ ಕತೆಯ ಬೀಗದ ಕೈ ಇದೇ. ಫ್ರೀ ಥ್ರೋ ಅಂದರೆ ರಿಂಗ್‌ನ ಮುಂದಿನ ಗಾಜಿನ ಹಲಗೆಯಿಂದ 4.57 ಮೀಟರ್ ದೂರದ ಗೆರೆಯ ಹಿಂದೆ ನಿಂತು, ಯಾರೂ ಅಡ್ಡ ಬರದೆ, ಯಾರೂ ಕೈ ಎತ್ತದೆ, ಉಸಿರು ಎಳೆದುಕೊಂಡು, ನಿಂತಲ್ಲಿಂದಲೇ ಎಸೆಯುವುದು. ಅಲ್ಲಿ ಬೇಕಾಗುವುದು ಕಣ್ಣು, ಮಣಿಕಟ್ಟು, ಅಭ್ಯಾಸ, ತಣ್ಣಗಿನ ತಲೆ. ಇವು ಯಾವುವೂ ಕೋಬಿಯ ಕೈಬಿಟ್ಟಿರಲಿಲ್ಲ. ಹಾಗಾದರೆ ಉಳಿದ ಶಾಟ್‌ಗಳು ಯಾಕೆ ಬೀಳಲಿಲ್ಲ? ಫ್ರೀ ಥ್ರೋದಲ್ಲಿ ಇಲ್ಲದ ಎರಡು ವಿಷಯ ಆಟದ ಮಧ್ಯದ ಶಾಟ್‌ನಲ್ಲಿ ಇರುತ್ತವೆ. ಒಂದು, ಹಾರುವ ಕಾಲು. ಇನ್ನೊಂದು, ಎದುರಿಗಿರುವ ಮನುಷ್ಯ. ಕತೆ ಈ ಎರಡರಲ್ಲೇ ಇದೆ.

ಕಾಲಿನಿಂದ ಶುರು ಮಾಡೋಣ. 2013ರ ಏಪ್ರಿಲ್‌ನಲ್ಲಿ ಲೇಕರ್ಸ್ ಪ್ಲೇಆಫ್‌ಗೆ ಹೋಗಲು ಒದ್ದಾಡುತ್ತಿತ್ತು. ಕೋಬಿ ಕುಳಿತುಕೊಳ್ಳುವುದನ್ನೇ ಬಿಟ್ಟಿದ್ದ. ಏಪ್ರಿಲ್ 10ರಂದು ಪೋರ್ಟ್‌ಲ್ಯಾಂಡ್‌ನಲ್ಲಿ ಪೂರ್ತಿ 48 ನಿಮಿಷ ಆಡಿ 47 ಪಾಯಿಂಟ್ ಹೊಡೆದ. ಎರಡು ದಿನ ಬಿಟ್ಟು, ಏಪ್ರಿಲ್ 12ರಂದು, ಇದೇ ವಾರಿಯರ್ಸ್ ವಿರುದ್ಧ ಆಡುವಾಗ ಎಡಗಾಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಾಕುವ ದಪ್ಪ ಹಗ್ಗ ಇದ್ದ ಹಾಗೆ ಇದು. ಹಾರುವಾಗ ನೆಲವನ್ನು ಒದೆಯುವ ಶಕ್ತಿ ಪಾದಕ್ಕೆ ತಲುಪುವುದು ಇದರ ಮೂಲಕವೇ. ಫೌಲ್ ಸಿಕ್ಕಿತ್ತು. ಹರಿದ ಕಾಲಿನಲ್ಲೇ ನಡೆದುಕೊಂಡು ಗೆರೆಗೆ ಬಂದು ಎರಡು ಫ್ರೀ ಥ್ರೋ ಎಸೆದ. ಎರಡೂ ಬಿದ್ದವು. ಕೈಗೂ ಕಾಲಿಗೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಆ ವರ್ಷ ಡಿಸೆಂಬರ್‌ನಲ್ಲಿ ವಾಪಸ್ ಬಂದ, 6 ಪಂದ್ಯ ಆಡುವಷ್ಟರಲ್ಲಿ ಮೊಣಕಾಲಿನ ಮೂಳೆ ಬಿರುಕು ಬಿಟ್ಟಿತು. ಮುಂದಿನ ಸೀಸನ್‌ನಲ್ಲಿ 35 ಪಂದ್ಯ ಆಡಿದ ಮೇಲೆ, 2015ರ ಜನವರಿಯಲ್ಲಿ, ಬಲ ಭುಜದ ಸ್ನಾಯು ಹರಿಯಿತು. ಅಂದರೆ ಶಾಟ್ ಎಸೆಯುವ ಕೈಯೇ. ಆದ್ದರಿಂದ ಕೈಗೆ ಏನೂ ಆಗಿರಲಿಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಆದರೆ ಆ ಗಾಯದ ನಂತರವೂ ಫ್ರೀ ಥ್ರೋ 82.6 ಇತ್ತು ಅನ್ನುವುದನ್ನು ಮರೆಯಬೇಡಿ. ಎರಡು ವರ್ಷದೊಳಗೆ ಮೂರು ದೊಡ್ಡ ಗಾಯ, ಅದರ ಹಿಂದೆ ಹದಿನೇಳು ಸೀಸನ್‌ಗಳ ಓಟ.

ಜಂಪ್ ಶಾಟ್ ಅನ್ನುವುದು ನೋಡಲು ಕೈಕೆಲಸ. ನಿಜವಾಗಿ ಅದರ ಬಲ ನೆಲದಿಂದ ಹುಟ್ಟುತ್ತದೆ. ಪಾದ ನೆಲ ಒದೆಯುತ್ತದೆ, ಮೊಣಕಾಲು ನೆಟ್ಟಗಾಗುತ್ತದೆ, ಆ ಬಲ ಸೊಂಟ, ಭುಜ, ಮೊಣಕೈ ದಾಟಿ ಮಣಿಕಟ್ಟಿಗೆ ಬರುತ್ತದೆ. ಮಣಿಕಟ್ಟಿನ ಕೆಲಸ ಚೆಂಡಿಗೆ ದಿಕ್ಕು ಮತ್ತು ತಿರುಗು ಕೊಡುವುದು ಮಾತ್ರ. ಕಾಲು ಸುಸ್ತಾದರೆ ಚೆಂಡು ಗಿಡ್ಡವಾಗಿ ಬೀಳುತ್ತದೆ, ರಿಂಗ್‌ನ ಮುಂದಿನ ಅಂಚಿಗೆ ತಾಗಿ ಹಿಂದಕ್ಕೆ ಪುಟಿಯುತ್ತದೆ. ಪಂದ್ಯದ ಕೊನೆಯ ಹತ್ತು ನಿಮಿಷದಲ್ಲಿ ದಣಿದ ಆಟಗಾರರ ಶಾಟ್‌ಗಳನ್ನು ಗಮನಿಸಿ, ಹೆಚ್ಚಿನವು ಮುಂದಿನ ಅಂಚಿಗೇ ಬಡಿಯುತ್ತವೆ. ಆಟಗಾರನಿಗೆ ಇದು ಗೊತ್ತಾಗುತ್ತದೆ, ಆಗ ತೋಳಿನಿಂದ ಜಾಸ್ತಿ ಬಲ ಹಾಕುತ್ತಾನೆ. ಅಲ್ಲಿ ಇನ್ನೊಂದು ತೊಂದರೆ ಶುರು. ತೋಳಿನಿಂದ ತಳ್ಳಿದ ಚೆಂಡು ಮೇಲಕ್ಕೆ ಹೋಗುವ ಬದಲು ಚಪ್ಪಟೆಯಾಗಿ ಹೋಗುತ್ತದೆ.

ಚಪ್ಪಟೆಯಾಗಿ ಹೋದರೆ ಏನಂತೆ ಅಂತ ಕೇಳಬಹುದು. ರಿಂಗ್‌ನ ಅಡ್ಡಳತೆ ಸುಮಾರು 45 ಸೆಂಟಿಮೀಟರ್, ಚೆಂಡಿನದ್ದು ಸುಮಾರು 24. ಮೇಲಿನಿಂದ ನೇರವಾಗಿ ಬೀಳುವ ಚೆಂಡಿಗೆ ಪೂರ್ತಿ 45 ಸೆಂಟಿಮೀಟರ್ ಬಾಗಿಲು. ಓರೆಯಾಗಿ ಬಂದರೆ ಬಾಗಿಲು ಸಣ್ಣದಾಗುತ್ತದೆ, ತಟ್ಟೆಯನ್ನು ಪಕ್ಕದಿಂದ ನೋಡಿದಾಗ ಅದು ಕಿರಿದಾಗಿ ಕಾಣುವ ಹಾಗೆ. 45 ಡಿಗ್ರಿಯಲ್ಲಿ ಇಳಿಯುವ ಚೆಂಡಿಗೆ ಸಿಗುವುದು ಸುಮಾರು 32 ಸೆಂಟಿಮೀಟರ್. 35 ಡಿಗ್ರಿಗೆ ಇಳಿದರೆ ಸುಮಾರು 26. ಚೆಂಡೇ 24 ಇದೆ. ಉಳಿದದ್ದು ಎರಡು ಸೆಂಟಿಮೀಟರ್! ಅಷ್ಟರಲ್ಲಿ ರಿಂಗ್‌ಗೆ ತಾಗದೆ ತೂರಿಸಬೇಕು. ಕಾಲಿನ ದಣಿವು ಕೊನೆಗೆ ಬಾಗಿಲಿನ ಅಗಲವನ್ನೇ ಕಡಿಮೆ ಮಾಡುತ್ತದೆ ಅಂದ ಹಾಗಾಯ್ತು.

ಇಲ್ಲಿಗೆ ಇದು ಬರೀ ಭೌತಶಾಸ್ತ್ರ, ಶಾಟ್ ತಡೆಯಲು ಎದುರಿಗೆ ನಿಲ್ಲುವವನು, ಅಂದರೆ ಡಿಫೆಂಡರ್, ಇನ್ನೂ ಬಂದಿಲ್ಲ.

ಹರೆಯದ ಕೋಬಿಯ ಆಟದ ಸೊಗಸು ಇದ್ದದ್ದು ಎದುರಾಳಿ ಕೈ ಎತ್ತಿದರೂ ಅದರ ಮೇಲಿನಿಂದ ಎಸೆಯುವುದರಲ್ಲಿ. ಹಾರುತ್ತಿದ್ದ, ಡಿಫೆಂಡರ್ ಇಳಿಯುವವರೆಗೆ ಗಾಳಿಯಲ್ಲೇ ತಡೆದು ನಿಂತ ಹಾಗೆ ಕಾಣುತ್ತಿದ್ದ, ಆಮೇಲೆ ಬಿಡುತ್ತಿದ್ದ. ಈಗ ಹಾರುವ ಎತ್ತರ ನಾಲ್ಕು ಬೆರಳು ಕಡಿಮೆಯಾಯಿತು ಅಂದುಕೊಳ್ಳಿ. ನಾಲ್ಕು ಬೆರಳು ಏನು ಮಹಾ ಅನಿಸುತ್ತದೆ, ಆದರೆ ಡಿಫೆಂಡರ್‌ನ ಬೆರಳ ತುದಿ ಇರುವುದು ಸರಿಯಾಗಿ ಅಲ್ಲೇ. ಅದನ್ನು ತಪ್ಪಿಸಲು ಇನ್ನಷ್ಟು ಹಿಂದಕ್ಕೆ ವಾಲಬೇಕು. ಹಿಂದಕ್ಕೆ ವಾಲಿದಷ್ಟೂ ಕಾಲಿನ ಬಲ ಇನ್ನೂ ಜಾಸ್ತಿ ಬೇಕು. ಇಲ್ಲದ್ದನ್ನೇ ಜಾಸ್ತಿ ಕೇಳುವ ಶಾಟ್ ಅದು.

ಮೊದಲ ಹೆಜ್ಜೆಯ ಕತೆಯೂ ಇದೇ. ಡ್ರಿಬಲ್ ಮಾಡುತ್ತ, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತ, ಒಂದೇ ಏಟಿಗೆ ಡಿಫೆಂಡರ್‌ನನ್ನು ದಾಟಿ ರಿಂಗ್‌ನ ಬುಡಕ್ಕೆ ಹೋಗುವ ಚುರುಕು ಹೋಯಿತು ಅಂದರೆ ಎರಡು ಸುಲಭದ ಆದಾಯ ಒಟ್ಟಿಗೇ ನಿಂತವು: ರಿಂಗ್‌ನ ಹತ್ತಿರದಿಂದ ಮೆಲ್ಲಗೆ ಹಾಕುವ ಲೇಅಪ್, ಮತ್ತು ಅಲ್ಲಿ ಸಿಗುವ ಫೌಲ್. 2005-06ರಲ್ಲಿ ಕೋಬಿ ಪಂದ್ಯಕ್ಕೆ 10ಕ್ಕಿಂತ ಜಾಸ್ತಿ ಫ್ರೀ ಥ್ರೋ ಎಸೆಯುತ್ತಿದ್ದ. ಕೊನೆಯ ಸೀಸನ್‌ನಲ್ಲಿ ನಾಲ್ಕರ ಆಸುಪಾಸು. ಆಡಿದ ನಿಮಿಷಗಳೂ ಕಡಿಮೆ ಅನ್ನಿ, ಪಂದ್ಯಕ್ಕೆ 28ರ ಹತ್ತಿರ. ಅದನ್ನು ಕಳೆದು ನೋಡಿದರೂ ಇಳಿತ ದೊಡ್ಡದೇ. ಅಂದರೆ ಅವನ ಕೈ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದ್ದ ಒಂದೇ ಒಂದು ಜಾಗ ಆ ಗೆರೆ, ಅಲ್ಲಿಗೆ ಹೋಗುವ ದಾರಿ ಕಾಲಿನಿಂದಾಗಿಯೇ ಮುಚ್ಚಿಹೋಗಿತ್ತು.

ಒಳಗೆ ಹೋಗಲು ಆಗದವನು ಏನು ಮಾಡುತ್ತಾನೆ? ಹೊರಗೆ ನಿಲ್ಲುತ್ತಾನೆ. ಕೊನೆಯ ಸೀಸನ್‌ನಲ್ಲಿ ಕೋಬಿ ಪಂದ್ಯಕ್ಕೆ 7.1 ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯ ಹಿಂದಿನಿಂದ ಎಸೆದರೆ ಮೂರು ಪಾಯಿಂಟ್ ಸಿಗುವ ಶಾಟ್, ಎಸೆದ, ಅವನ ಇಡೀ ವೃತ್ತಿಜೀವನದಲ್ಲೇ ಅತಿ ಹೆಚ್ಚು. ಬಿದ್ದದ್ದು ಶೇಕಡಾ 28.5. ಕಾಲು ಸೋತವನು ಕಾಲಿಗೆ ಅತಿ ಹೆಚ್ಚು ಕೆಲಸ ಕೊಡುವ ಶಾಟ್‌ಗೇ ಓಡಿಹೋಗಬೇಕಾಗಿ ಬಂತು. ತ್ರೀ ಗೆರೆ ಎದುರುಗಡೆ 7.24 ಮೀಟರ್ ದೂರ, ಮೂಲೆಯಲ್ಲೂ 6.7. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

ಈಗ ತಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಇದೆಯಲ್ಲ, ಕೋಬಿಯ ಅಭಿಮಾನಿಗಳು ಆ ವರ್ಷ ಜೊತೆಯ ಆಟಗಾರರನ್ನು ಬೈದಾಗ ಎಲ್ಲರೂ ಇದೇ ಗಾದೆ ಎಸೆಯಬಹುದಿತ್ತು. ಆದರೆ ಲೇಕರ್ಸ್‌ನ ನೆಲ ನಿಜವಾಗಿಯೂ ಡೊಂಕಾಗಿತ್ತು.

2015-16ರಲ್ಲಿ ಲೇಕರ್ಸ್ ತಂಡದ ಒಟ್ಟು ಫೀಲ್ಡ್ ಗೋಲ್ ಶೇಕಡಾ 41.4. ತ್ರೀ ಪಾಯಿಂಟರ್ 31.7. ಲೀಗ್‌ನ 30 ತಂಡಗಳಲ್ಲಿ ಎರಡರಲ್ಲೂ ಕೊನೆ. 17 ಗೆಲುವು, 65 ಸೋಲು, ಆ ಕ್ಲಬ್‌ನ ಚರಿತ್ರೆಯಲ್ಲೇ ಅತಿ ಕೆಟ್ಟ ಸೀಸನ್. ಅದೇ ವರ್ಷ ವಾರಿಯರ್ಸ್ 48.7 ಮತ್ತು 41.6 ಹೊಡೆದು 73 ಪಂದ್ಯ ಗೆದ್ದಿತು. ನೂರು ತ್ರೀ ಎಸೆದರೆ ಇವರಿಗೂ ಅವರಿಗೂ ಹತ್ತು ಬುಟ್ಟಿಗಳ ಅಂತರ, ಅಂದರೆ 30 ಪಾಯಿಂಟ್.

ತಂಡದ ಶಾಟ್ ಬೀಳದಿದ್ದರೆ ಸ್ಟಾರ್‌ನ ಶಾಟ್‌ಗೆ ಏನು ಸಂಬಂಧ ಅನ್ನುವುದೇ ಮುಖ್ಯ ವಿಷಯ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಸ್ಪೇಸಿಂಗ್ ಅಂತ ಒಂದು ಮಾತಿದೆ. ಅಂಕಣದ ಅರ್ಧದಲ್ಲಿ ಹತ್ತು ಜನ ಕಿಕ್ಕಿರಿದಿರುತ್ತಾರೆ. ನಿಮ್ಮ ನಾಲ್ಕು ಜೊತೆಗಾರರು ತ್ರೀ ಗೆರೆಯಲ್ಲಿ ನಿಂತಿದ್ದಾರೆ, ನಾಲ್ವರೂ ಒಳ್ಳೆ ಶೂಟರ್‌ಗಳು ಅಂದುಕೊಳ್ಳಿ. ಆಗ ಅವರ ಡಿಫೆಂಡರ್‌ಗಳು ಅವರಿಗೆ ಅಂಟಿಕೊಂಡೇ ಇರಬೇಕು, ಎರಡು ಹೆಜ್ಜೆ ಬಿಟ್ಟರೂ ಮೂರು ಪಾಯಿಂಟ್ ಹೋಗುತ್ತದೆ. ಮಧ್ಯದ ಜಾಗ ಖಾಲಿ. ನಿಮಗೆ ಎದುರಾಗಿ ಒಬ್ಬನೇ. ಈಗ ಅದೇ ನಾಲ್ವರು ಶೂಟ್ ಮಾಡಲಾರದವರು ಅಂದುಕೊಳ್ಳಿ. ಡಿಫೆಂಡರ್‌ಗಳು ಅವರನ್ನು ಬಿಟ್ಟು ಒಳಗೆ ಬಂದು ನಿಲ್ಲುತ್ತಾರೆ. ಎಸೆಯಲಿ ಬಿಡಿ, ಬೀಳಲ್ಲ ಅನ್ನುವ ಧೈರ್ಯ. ನೀವು ಒಬ್ಬನನ್ನು ದಾಟಿದರೆ ಎರಡನೆಯವನು, ಅವನನ್ನು ದಾಟಿದರೆ ಮೂರನೆಯವನು. ಅಂಕಣ ಅಷ್ಟೇ ಇದೆ, ನಿಮ್ಮ ಪಾಲಿಗೆ ಮಾತ್ರ ಕಿರಿದಾಗಿದೆ.

2006ರ ಕೋಬಿಗೂ ಒಳ್ಳೆ ಶೂಟರ್‌ಗಳು ಇರಲಿಲ್ಲ ಅಂತ ವಾದ ಮಾಡಬಹುದು. ನಿಜವೇ, ಆದರೆ ಅವನ ಕಾಲಿಗೆ ಆಗ ಕಿರಿದಾದ ಅಂಕಣದಲ್ಲೂ ಸಂದು ಮಾಡಿಕೊಳ್ಳುವ ಶಕ್ತಿ ಇತ್ತು. ಡಿಫೆಂಡರ್ ಎರಡು ಹೆಜ್ಜೆ ಹತ್ತಿರ ಬಂದರೆ ಹರೆಯದವನಿಗೆ ಅದು ಸವಾಲು, 37ರವನಿಗೆ ಗೋಡೆ. ತಂಡದ ಕೆಟ್ಟ ಶೂಟಿಂಗ್ ಎಲ್ಲರಿಗಿಂತ ಜಾಸ್ತಿ ಹೊಡೆಯುವುದು ವಯಸ್ಸಾದ ಸ್ಟಾರ್‌ಗೇ.

ಇದು ತಿರುಗಿಯೂ ಕೆಲಸ ಮಾಡುತ್ತದೆ. ಹರೆಯದ ಕೋಬಿಯ ಮೇಲೆ ಇಬ್ಬರು ಬೀಳುತ್ತಿದ್ದರು, ಇನ್ನೊಬ್ಬನಿಗೆ ಆರಾಮದ ಶಾಟ್ ಸಿಗುತ್ತಿತ್ತು. ಈಗ ಒಬ್ಬನೇ ಸಾಕು ಅಂತ ಎದುರಾಳಿಗಳಿಗೆ ಗೊತ್ತಾಯಿತು. ಎರಡನೆಯ ಡಿಫೆಂಡರ್ ತನ್ನ ಜಾಗ ಬಿಡಲಿಲ್ಲ. ಕೋಬಿಯ ಜೊತೆಗಾರರೋ ಹುಡುಗರು. ಡಿ'ಆಂಜೆಲೊ ರಸೆಲ್‌ಗೆ 19 ವರ್ಷ, ಆಗ ತಾನೇ ಲೀಗ್‌ಗೆ ಬಂದಿದ್ದ. ಜೂಲಿಯಸ್ ರ‍್ಯಾಂಡಲ್ ಹಿಂದಿನ ವರ್ಷ ಮೊದಲ ಪಂದ್ಯದಲ್ಲೇ ಕಾಲು ಮುರಿದುಕೊಂಡು ಕೂತಿದ್ದವನು. ಜೋರ್ಡನ್ ಕ್ಲಾರ್ಕ್‌ಸನ್‌ಗೆ ಎರಡನೆಯ ಸೀಸನ್. ಇಂಥ ಹುಡುಗರಿಗೆ ಬೇಕಾದದ್ದು ಯಾರೋ ಮಾಡಿಕೊಟ್ಟ ಸುಲಭದ ಶಾಟ್, ಸಿಕ್ಕಿದ್ದು ಮೈಮೇಲೆ ಡಿಫೆಂಡರ್ ಇರುವಾಗ ತಾವೇ ಹುಟ್ಟಿಸಿಕೊಳ್ಳಬೇಕಾದ ಶಾಟ್. ಅಸಿಸ್ಟ್, ಅಂದರೆ ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್, ಲೇಕರ್ಸ್‌ಗೆ ಪಂದ್ಯಕ್ಕೆ ಸುಮಾರು 18. ವಾರಿಯರ್ಸ್‌ಗೆ ಸುಮಾರು 29. ಎತ್ತು ಏರಿಗೆ ಕೋಣ ನೀರಿಗೆ ಎಳೆಯುವ ಗಾಡಿಯಲ್ಲಿ ಎತ್ತಿನದ್ದು ತಪ್ಪೋ ಕೋಣದ್ದೋ ಅಂತ ಕೇಳಿದ ಹಾಗೆ, ಇಲ್ಲಿ ಕೋಬಿಯ 35.8 ಮತ್ತು ತಂಡದ 41.4 ಎರಡು ಬೇರೆ ಬೇರೆ ಕಾಯಿಲೆಗಳಲ್ಲ.

ಮತ್ತೆ ಶಾಟ್ ಕ್ಲಾಕ್ ಇದೆ. 24 ಸೆಕೆಂಡ್ ಒಳಗೆ ಚೆಂಡು ಎಸೆದು ರಿಂಗ್‌ಗೆ ತಾಗಿಸಲೇಬೇಕು. ಹುಡುಗರು 18 ಸೆಕೆಂಡ್ ಒದ್ದಾಡಿ ಏನೂ ಆಗದೆ ಚೆಂಡು ಯಾರಿಗೆ ಕೊಡುತ್ತಾರೆ? ಕೋಬಿಗೆ. ಉಳಿದದ್ದು ಐದಾರು ಸೆಕೆಂಡ್, ಎದುರಿಗೆ ಸಿದ್ಧವಾಗಿ ನಿಂತ ಡಿಫೆಂಡರ್. ಅಂಥ ಶಾಟ್ ಯಾರು ಎಸೆದರೂ ಬೀಳುವುದು ಕಡಿಮೆ, ಆದರೆ ಲೆಕ್ಕದ ಪುಸ್ತಕದಲ್ಲಿ ಅದು ಎಸೆದವನ ಹೆಸರಿಗೇ ಹೋಗುತ್ತದೆ. ಹಾಗಂತ ಪೂರ್ತಿ ಕ್ಷಮೆಯೂ ಬೇಡ. 12 ಸೆಕೆಂಡ್ ಬಾಕಿ ಇರುವಾಗಲೇ, ಪಕ್ಕದಲ್ಲಿ ಖಾಲಿ ನಿಂತ ಜೊತೆಗಾರನನ್ನು ನೋಡಿಯೂ ನೋಡದ ಹಾಗೆ ಎಸೆದ ಶಾಟ್‌ಗಳೂ ಬೇಕಾದಷ್ಟಿದ್ದವು. ಇಪ್ಪತ್ತು ವರ್ಷದ ಅಭ್ಯಾಸ ಸುಮ್ನೆ ಬಿಡುತ್ತದಾ?

ಒಂದು ಸಂಗತಿ ನೆನಪಿಗೆ ಬರುತ್ತದೆ. 2014ರ ಡಿಸೆಂಬರ್ 23ರಂದು, ಹಿಂದಿನ ಸೀಸನ್‌ನಲ್ಲಿ, ಕೋಬಿಗೆ ವಿಶ್ರಾಂತಿ ಕೊಟ್ಟಿದ್ದರು. ಆ ದಿನ ಲೇಕರ್ಸ್ ಆಗಿನ ಬಲಿಷ್ಠ ವಾರಿಯರ್ಸ್ ತಂಡವನ್ನು 115-105ರಲ್ಲಿ ಸೋಲಿಸಿತು. ಕೋಬಿ ಇಲ್ಲದಿದ್ದರೇ ಒಳ್ಳೆಯದು ಅಂತ ಎಷ್ಟೋ ಜನ ಕುಣಿದಾಡಿದರು. ಒಂದು ಪಂದ್ಯದಿಂದ ಹಾಗೆ ತೀರ್ಮಾನ ಮಾಡುವುದು ತಪ್ಪು, ಆ ವರ್ಷ ಅವನು ಗಾಯವಾಗಿ ಹೋದ ಮೇಲೂ ತಂಡ ಉದ್ಧಾರವಾಗಲಿಲ್ಲ, ಒಟ್ಟು 21 ಗೆಲುವು ಅಷ್ಟೇ.

ಒಂದು ಪಂದ್ಯದ ಮಾತು ಬಂತಲ್ಲ, ಆ 14ಕ್ಕೆ 1 ಅನ್ನುವುದನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಬ್ಬ ಆಟಗಾರನ ಪ್ರತಿ ಶಾಟ್ ಬೀಳುವ ಸಾಧ್ಯತೆ ಶೇಕಡಾ 45 ಅಂತ ಇಟ್ಟುಕೊಳ್ಳಿ. ಪಂದ್ಯಕ್ಕೆ 14 ಶಾಟ್ ಎಸೆದರೆ, ಒಂದು ಅಥವಾ ಸೊನ್ನೆ ಬೀಳುವಂಥ ರಾತ್ರಿ ಸುಮಾರು 340 ಪಂದ್ಯಕ್ಕೊಮ್ಮೆ ಬರುತ್ತದೆ. ಸೀಸನ್‌ಗೆ 82 ಪಂದ್ಯ ಅಂದರೆ ನಾಲ್ಕು ವರ್ಷಕ್ಕೊಮ್ಮೆ. ಅದೇ ಸಾಧ್ಯತೆ 36ಕ್ಕೆ ಇಳಿದರೆ? ಸುಮಾರು 60 ಪಂದ್ಯಕ್ಕೊಮ್ಮೆ. ಕೋಬಿ ಆ ಸೀಸನ್‌ನಲ್ಲಿ ಆಡಿದ್ದು 66 ಪಂದ್ಯ. ಅಂದರೆ ಅಂಥ ಒಂದು ರಾತ್ರಿ ಬರುವ ಸಾಧ್ಯತೆಯೇ ಜಾಸ್ತಿ ಇತ್ತು, ಅದು ವಾರಿಯರ್ಸ್‌ನ ದಾಖಲೆಯ ದಿನವೇ ಬಂದದ್ದು ಮಾತ್ರ ದುರದೃಷ್ಟ. ಶೇಕಡಾವಾರು ಒಂಬತ್ತು ಇಳಿದರೆ ನಾಚಿಕೆಯ ರಾತ್ರಿಗಳು ಐದಾರು ಪಟ್ಟು ಜಾಸ್ತಿಯಾಗುತ್ತವೆ. ಸರಾಸರಿ ನೋಡಿದಾಗ ಇದು ಕಾಣುವುದೇ ಇಲ್ಲ, ನೋಡುವವರ ಮನಸ್ಸಿನಲ್ಲಿ ಉಳಿಯುವುದು ಮಾತ್ರ ಆ ರಾತ್ರಿಗಳೇ.

ಫೀಲ್ಡ್ ಗೋಲ್ ಶೇಕಡಾವಾರಿನಲ್ಲಿ ಒಂದು ಮೋಸವೂ ಇದೆ. ಎರಡು ಪಾಯಿಂಟಿನ ಶಾಟ್‌ಗೂ ಮೂರರ ಶಾಟ್‌ಗೂ ಅದು ಒಂದೇ ಬೆಲೆ ಕಟ್ಟುತ್ತದೆ. ಫ್ರೀ ಥ್ರೋವನ್ನಂತೂ ನೋಡುವುದೇ ಇಲ್ಲ. ಅದಕ್ಕೇ ಈಗ ಟ್ರೂ ಶೂಟಿಂಗ್ ಅನ್ನುವ ಅಳತೆ ಬಳಸುತ್ತಾರೆ. ಹೊಡೆದ ಪಾಯಿಂಟ್‌ಗಳನ್ನು, ಅದಕ್ಕೆ ಖರ್ಚಾದ ಅವಕಾಶಗಳ ಎರಡರಷ್ಟರಿಂದ ಭಾಗಿಸುವುದು. ಖರ್ಚಾದ ಅವಕಾಶ ಅಂದರೆ ಎಲ್ಲ ಶಾಟ್‌ಗಳು, ಜೊತೆಗೆ ಒಂದು ಫ್ರೀ ಥ್ರೋಗೆ 0.44ರಂತೆ. ಆ ಸೀಸನ್‌ನಲ್ಲಿ ಲೀಗ್‌ನ ಸರಾಸರಿ ಸುಮಾರು 54. ಕೋಬಿಯದ್ದು ಸುಮಾರು 47.

ಇದೇ ಅಳತೆಯಲ್ಲಿ ಎರಡು ಹೆಸರಾಂತ ರಾತ್ರಿಗಳನ್ನು ತೂಗಿ ನೋಡಿದರೆ ಮಜಾ ಇದೆ. 81 ಹೊಡೆದ ದಿನ 46 ಶಾಟ್‌ನಲ್ಲಿ 28 ಬಿದ್ದವು, ಅದರಲ್ಲಿ 7 ತ್ರೀ, ಮೇಲೆ 20 ಫ್ರೀ ಥ್ರೋದಲ್ಲಿ 18. ಟ್ರೂ ಶೂಟಿಂಗ್ ಸುಮಾರು 74. ಅಮಾನುಷ. ಕೊನೆಯ ಪಂದ್ಯ, 2016ರ ಏಪ್ರಿಲ್ 13, ಯೂಟಾ ಜಾಝ್ ವಿರುದ್ಧ 60 ಪಾಯಿಂಟ್. ಜಗತ್ತೆಲ್ಲ ಹುಚ್ಚೆದ್ದು ಕುಣಿದ ರಾತ್ರಿ. 50 ಶಾಟ್, ಬಿದ್ದದ್ದು 22, ತ್ರೀ 21ಕ್ಕೆ 6, ಫ್ರೀ ಥ್ರೋ 12ಕ್ಕೆ 10. ಲೆಕ್ಕ ಹಾಕಿ: ಸುಮಾರು 54. ಲೀಗ್‌ನ ಸರಾಸರಿ ಎಷ್ಟಿತ್ತೋ ಅಷ್ಟೇ! ಕೊನೆಯ ವರ್ಷದ ಅತಿ ಒಳ್ಳೆಯ ರಾತ್ರಿ ಅಂತ ಎಲ್ಲರೂ ನೆನೆಯುವ ಆ 60, ದಕ್ಷತೆಯಲ್ಲಿ ಒಬ್ಬ ಸಾಧಾರಣ ಆಟಗಾರನ ಸಾಧಾರಣ ರಾತ್ರಿ. 50 ಶಾಟ್ ಎಸೆಯಲು ಬಿಟ್ಟರು ಅನ್ನುವುದೇ ಅಲ್ಲಿ ಅಸಾಧಾರಣ. ಇದನ್ನು ಕೋಬಿಯನ್ನು ಕಡೆಗಣಿಸಲು ಹೇಳುತ್ತಿಲ್ಲ. 37ನೇ ವಯಸ್ಸಿನಲ್ಲಿ, ಹರಿದು ಹೊಲಿದ ಕಾಲಿನಲ್ಲಿ, ಒಂದೇ ರಾತ್ರಿ 50 ಸಲ ಹಾರುವುದನ್ನು ಯೋಚಿಸಿದರೆ ನನಗೆ ಮಂಡಿ ನೋಯುತ್ತದೆ.

ಹಾಗಾದರೆ ವಯಸ್ಸಾದ ಎಲ್ಲರೂ ಹೀಗೇ ಆಗುತ್ತಾರಾ? ಇಲ್ಲ. ಅವರವರ ಆಟ ಕಾಲಿನ ಮೇಲೆ ಎಷ್ಟು ನಿಂತಿತ್ತು ಅನ್ನುವುದರ ಮೇಲಿದೆ. ರೆಜ್ಜಿ ಮಿಲ್ಲರ್ 2004-05ರಲ್ಲಿ, 39ನೇ ವಯಸ್ಸಿನಲ್ಲಿ, ಪಂದ್ಯಕ್ಕೆ 14.8 ಪಾಯಿಂಟ್ ಹೊಡೆದ, ಫೀಲ್ಡ್ ಗೋಲ್ 43.7. ಅವನ ಆಟವೇ ಬೇರೆ. ಜೊತೆಗಾರರ ಮೈಯನ್ನು ಮರೆ ಮಾಡಿಕೊಂಡು ಓಡಿ ಬಂದು, ಪಾಸ್ ಹಿಡಿದು, ಡ್ರಿಬಲ್ ಇಲ್ಲದೆ ತಕ್ಷಣ ಎಸೆಯುವುದು. ಡಿಫೆಂಡರ್‌ನನ್ನು ಕಾಲಿನಿಂದ ಸೋಲಿಸುವ ಕೆಲಸವನ್ನು ಬೇರೆಯವರ ಆ ಮರೆ, ಅಂದರೆ ಸ್ಕ್ರೀನ್, ಮಾಡಿಕೊಡುತ್ತಿತ್ತು. ಕರೀಂ ಅಬ್ದುಲ್ ಜಬ್ಬಾರ್ 1985-86ರಲ್ಲಿ, 38 ದಾಟಿ 39ಕ್ಕೆ ಹೋಗುವಾಗ, 23.4 ಪಾಯಿಂಟ್, ಶೇಕಡಾ 56ಕ್ಕೂ ಜಾಸ್ತಿ. ಏಳಡಿ ಎರಡಿಂಚು ಎತ್ತರ, ತಲೆಯ ಮೇಲಿನಿಂದ ಒಂದೇ ಕೈಯಲ್ಲಿ ಎಸೆಯುವ ಸ್ಕೈಹುಕ್ ಶಾಟ್, ಅದೂ ರಿಂಗ್‌ನ ಹತ್ತಿರ. ಹಾರುವ ಎತ್ತರ ಸ್ವಲ್ಪ ಕಡಿಮೆಯಾದರೂ ಯಾರ ಕೈಗೂ ಸಿಗುವುದಿಲ್ಲ.

ಕೋಬಿ ಯಾರ ಆಟವನ್ನು ನೋಡಿ ಬೆಳೆದನೋ ಆ ಮೈಕಲ್ ಜೋರ್ಡನ್ ವಾಷಿಂಗ್ಟನ್ ವಿಜಾರ್ಡ್ಸ್‌ಗೆ ಮರಳಿ ಬಂದಾಗ ವಯಸ್ಸು 38. ಮೊದಲ ಸೀಸನ್‌ನಲ್ಲಿ ಫೀಲ್ಡ್ ಗೋಲ್ 41.6, ವೃತ್ತಿಜೀವನದ ಸರಾಸರಿ 49.7 ಇದ್ದವನು. 2001ರ ಡಿಸೆಂಬರ್ 27ರಂದು ಇಂಡಿಯಾನಾ ವಿರುದ್ಧ 6 ಪಾಯಿಂಟ್‌ಗೆ ನಿಂತ, ಸತತ 866 ಪಂದ್ಯಗಳಲ್ಲಿ ಎರಡಂಕಿ ಹೊಡೆದ ಸರಣಿ ಅಲ್ಲಿಗೆ ಮುಗಿಯಿತು. ಎರಡು ದಿನ ಬಿಟ್ಟು 51 ಹೊಡೆದ! ಮುಪ್ಪು ಹೀಗೂ ಬರುತ್ತದೆ, ಏರುಪೇರಾಗಿ. ಒಳ್ಳೆಯ ದಿನಗಳು ಇಲ್ಲವಾಗುವುದಿಲ್ಲ, ಅವು ಯಾವಾಗ ಬರುತ್ತವೆ ಅಂತ ಹೇಳಲಾಗುವುದಿಲ್ಲ ಅಷ್ಟೇ. ಡರ್ಕ್ ನೊವಿಟ್ಸ್ಕಿ ಏಳಡಿಯವನು, ಒಂಟಿಕಾಲಿನಲ್ಲಿ ಹಿಂದಕ್ಕೆ ವಾಲಿ ಎಸೆಯುವ ಅವನ ಫೇಡ್‌ಅವೇ ಶಾಟ್ ಯಾರಿಗೂ ತಡೆಯಲು ಆಗುತ್ತಿರಲಿಲ್ಲ. ಕಣಕಾಲಿನ ಶಸ್ತ್ರಚಿಕಿತ್ಸೆ ಆದ ಮೇಲಿನ ಕೊನೆಯ ಸೀಸನ್‌ನಲ್ಲಿ ಅವನ ಶೇಕಡಾವಾರು 35.9. ಕೋಬಿಯದ್ದರ ಪಕ್ಕದಲ್ಲಿ ಇಟ್ಟು ನೋಡಿ, 35.8. ವ್ಯತ್ಯಾಸ ಏನಂದರೆ ಡರ್ಕ್ ಆಗ ಪಂದ್ಯಕ್ಕೆ 16 ನಿಮಿಷವೂ ಆಡುತ್ತಿರಲಿಲ್ಲ, ತಂಡದ ಭಾರ ಬೇರೆಯವರ ಹೆಗಲಿಗೆ ಹೋಗಿತ್ತು. ಕೋಬಿ ಅದೇ ಶೇಕಡಾವಾರಿನಲ್ಲಿ ಪಂದ್ಯಕ್ಕೆ 17 ಶಾಟ್ ಎಸೆಯುತ್ತಿದ್ದ.

ಯಾಕೆ ಎಸೆಯಲು ಬಿಟ್ಟರು ಅಂದರೆ, ಕೋಚ್ ಬೈರನ್ ಸ್ಕಾಟ್‌ನನ್ನು ಒಬ್ಬನೇ ದೂರಿ ಪ್ರಯೋಜನವಿಲ್ಲ. ಆ ವರ್ಷ ಕೋಬಿಯ ಸಂಬಳ 2.5 ಕೋಟಿ ಡಾಲರ್. ತಂಡಗಳ ಒಟ್ಟು ಸಂಬಳಕ್ಕೆ ಮಿತಿ ಇರುವ ಲೀಗ್‌ನಲ್ಲಿ ಒಬ್ಬನಿಗೆ ಅಷ್ಟು ಕೊಟ್ಟರೆ ಒಳ್ಳೆ ಶೂಟರ್‌ಗಳನ್ನು ತರಲು ಉಳಿಯುವುದು ಕಡಿಮೆ. ಹಾಗಾಗಿ ಈ ಕತೆಯಲ್ಲಿ ದುಡ್ಡೂ ಸ್ಪೇಸಿಂಗ್‌ನ ಭಾಗವೇ. ವಿದಾಯ ಹೇಳಿದ ಮೇಲಂತೂ ಎಲ್ಲ ಊರಿನಲ್ಲೂ ಜನ ಟಿಕೆಟ್ ಕೊಂಡದ್ದು ಅವನು ಎಸೆಯುವುದನ್ನು ನೋಡಲು. ಪಾಸ್ ಕೊಟ್ಟರೆ ಪ್ರೇಕ್ಷಕರೇ ಶೂಟ್ ಮಾಡು ಅಂತ ಕೂಗುತ್ತಿದ್ದರು, ಅದೂ ಎದುರಾಳಿಯ ಅಂಕಣದಲ್ಲಿ.

ತಪ್ಪಿದ ಶಾಟ್‌ಗಳ ದಾಖಲೆಯ ಬಗ್ಗೆಯೂ ಒಂದು ಮಾತು. 2014ರ ನವೆಂಬರ್‌ನಲ್ಲಿ ಕೋಬಿ ಜಾನ್ ಹ್ಯಾವ್ಲಿಚೆಕ್‌ನನ್ನು ದಾಟಿ ಎನ್‌ಬಿಎ ಚರಿತ್ರೆಯಲ್ಲೇ ಅತಿ ಹೆಚ್ಚು ಶಾಟ್ ತಪ್ಪಿಸಿದವನಾದ. ಕೊನೆಗೆ ಅದು 14,481ಕ್ಕೆ ನಿಂತಿತು. ಅದನ್ನು ಆಮೇಲೆ, 2024ರ ಡಿಸೆಂಬರ್‌ನಲ್ಲಿ, ಮುರಿದವನು ಲೆಬ್ರಾನ್ ಜೇಮ್ಸ್. ಈ ಪಟ್ಟಿಯ ಹೆಸರುಗಳನ್ನು ನೋಡಿದರೆ ಇದು ಅವಮಾನದ ಪಟ್ಟಿ ಅನಿಸುವುದಿಲ್ಲ. ಅಷ್ಟು ತಪ್ಪಿಸಬೇಕಾದರೆ ಅಷ್ಟು ವರ್ಷ ಯಾರಾದರೂ ಚೆಂಡು ಕೈಗೆ ಕೊಡಬೇಕಲ್ವಾ?

ಕೊನೆಯ ರಾತ್ರಿಯ ಕೊನೆಯ ಕ್ಷಣಗಳಿಗೆ ಬರುತ್ತೇನೆ. ನಾಲ್ಕನೆಯ ಕ್ವಾರ್ಟರ್‌ನಲ್ಲಿ ಕೋಬಿ 23 ಹೊಡೆದಿದ್ದ, ಜಾಝ್ ಇಡೀ ತಂಡಕ್ಕಿಂತ ಜಾಸ್ತಿ. ಇನ್ನೇನು 15 ಸೆಕೆಂಡ್ ಬಾಕಿ, 58 ಪಾಯಿಂಟ್ ಆಗಿತ್ತು, ಬಾಯಿ ತೆರೆದು ಉಸಿರಾಡುತ್ತಿದ್ದ. ಫೌಲ್ ಸಿಕ್ಕಿತು. ಗೆರೆಗೆ ನಡೆದು ಬಂದ. ಎದುರಿಗೆ ಯಾರೂ ಇಲ್ಲ, ಹಾರುವುದೂ ಬೇಕಿಲ್ಲ. ಎರಡೂ ಬಿದ್ದವು, 60. ಆಮೇಲೆ ಚೆಂಡು ಮತ್ತೆ ಅವನ ಕೈಗೆ ಬಂದಾಗ ಅವನು ಶಾಟ್ ಎಸೆಯಲಿಲ್ಲ. ಅಂಕಣದ ಆಚೆ ತುದಿಯಲ್ಲಿ ಒಬ್ಬನೇ ಓಡುತ್ತಿದ್ದ ಕ್ಲಾರ್ಕ್‌ಸನ್‌ಗೆ ಉದ್ದಕ್ಕೆ ಪಾಸ್ ಎಸೆದ, ಹುಡುಗ ಹಾರಿ ಚೆಂಡನ್ನು ರಿಂಗ್‌ನೊಳಗೆ ತುರುಕಿ ಡಂಕ್ ಮಾಡಿದ. 101-96.